ಹುಳಮನೆಯ ಗೋಡೆಯ ಮೇಲೆ ಗಣಿತ

ಮಾಗಡಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಪೋಷಕರ ಸಭೆ ನಡೆದಾಗಲೆಲ್ಲ ನನಗೆ ಬೀಳುವ ಪ್ರಶ್ನೆ ಒಂದೇ. ಮೇಡಂ, ನಮ್ಮ ಮಗು ದಿನಕ್ಕೆ ಎಷ್ಟು ಗಂಟೆ ಓದಬೇಕು? ಈ ಗಂಟೆ ಲೆಕ್ಕ ಕೇಳಿದರೆ ನನಗೆ ಮೈ ಉರಿಯುತ್ತದೆ. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವಳು ನಾನು. ಅಲ್ಲಿ ಎಷ್ಟು ಹೊತ್ತು ಸೊಪ್ಪು ಹಾಕಿದೆ ಎಂದು ಯಾರೂ ಕೇಳುವುದಿಲ್ಲ, ಹುಳ ತಿಂದಿದೆಯೋ ಇಲ್ಲವೋ ಎಂದು ಕೇಳುತ್ತಾರೆ. ಕಿಟಕಿಯಾಚೆ ಕಾಣುವ ಸಾವನದುರ್ಗದ ಬಂಡೆಯನ್ನು ಒಂದು ಗಳಿಗೆ ನೋಡಿ ಸಿಟ್ಟು ಇಳಿಸಿಕೊಂಡು, ಓದಿಸಬೇಡಿ, ಪುಸ್ತಕ ಮುಚ್ಚಿಸಿ ಬರೆಸಿ ಎನ್ನುತ್ತೇನೆ. ಅವರಿಗೆ ಅದು ರುಚಿಸುವುದಿಲ್ಲ. ನನಗೂ ಹದಿನೈದನೆಯ ವಯಸ್ಸಿನಲ್ಲಿ ರುಚಿಸಿರಲಿಲ್ಲ.

ನಮ್ಮೂರು ಚನ್ನಪಟ್ಟಣ ತಾಲ್ಲೂಕಿನಲ್ಲಿ, ಅಕ್ಕೂರಿನ ಹತ್ತಿರ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮೈಸೂರು ರಸ್ತೆಯ ಉದ್ದಕ್ಕೂ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿತ್ತು. ಬೆಳಿಗ್ಗೆ ಆರೂವರೆಗೆ ಗಾರ್ಮೆಂಟ್ಸಿನ ವ್ಯಾನು ನಮ್ಮೂರ ಅರಳಿಕಟ್ಟೆಯ ಮುಂದೆ ನಿಂತು ಎರಡು ಸಲ ಹಾರನ್ ಹೊಡೆಯುತ್ತಿತ್ತು. ನಮ್ಮ ದೊಡ್ಡಪ್ಪನ ಮಗಳು ಅದರಲ್ಲಿ ಹೋಗುತ್ತಿದ್ದಳು, ನನಗಿಂತ ಎರಡೇ ವರ್ಷ ದೊಡ್ಡವಳು. ವ್ಯಾನಿನಲ್ಲಿ ಹೋಗುವವರನ್ನು ನಾನು ಎಂದೂ ಕೀಳಾಗಿ ಕಂಡವಳಲ್ಲ. ಅವಳು ತಂದುಕೊಟ್ಟ ಚೂಡಿದಾರ್ ಹಾಕಿಕೊಂಡೇ ನಾನು ಹಬ್ಬ ಮಾಡಿದ್ದೇನೆ. ಆದರೆ ನನಗೆ ಅದು ಬೇಡವಾಗಿತ್ತು. ನನಗೆ ಕಾಲೇಜು ಬೇಕಾಗಿತ್ತು, ಅಷ್ಟೇ.

ಎಸ್ಸೆಸ್ಸೆಲ್ಸಿಯ ಪ್ರಿಪರೇಟರಿ ಪರೀಕ್ಷೆಯಲ್ಲಿ ಗಣಿತಕ್ಕೆ ನನಗೆ ನೂರಕ್ಕೆ ಹನ್ನೆರಡು ಬಂತು. ಪಾಸಾಗಲು ಮೂವತ್ತೈದು ಬೇಕು. ಮಿಕ್ಕ ಎಲ್ಲ ವಿಷಯಗಳಲ್ಲೂ ಪರವಾಗಿಲ್ಲ. ಅಪ್ಪ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೈಯದೆ, ತಣ್ಣಗೆ ಹೇಳಿದ.

"ಪಾಸಾದ್ರೆ ಕಾಲೇಜು, ಫೇಲಾದ್ರೆ ವ್ಯಾನು. ಆಮೇಲೆ ಅಳಬ್ಯಾಡ ಕಣವ್ವ."

ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ತಣ್ಣಗೆ ಹೇಳಿದ್ದರಿಂದ ಅಂಕಪಟ್ಟಿ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಅವತ್ತೇ ಹಟ ಹಿಡಿದೆ. ನೂರಕ್ಕೆ ನೂರು ನನಗೆ ಬೇಡ, ಮೂವತ್ತೈದು ಬೇಕು, ಅದನ್ನು ಹೇಗಾದರೂ ತೆಗೆದೇ ತೆಗೆಯುತ್ತೇನೆ ಎಂದುಕೊಂಡೆ. ಗಣಿತದ ಮೇಷ್ಟ್ರ ಹತ್ತಿರ ಹೋಗಿ, ಸಾರ್, ಮೂವತ್ತೈದಕ್ಕೆ ಏನು ಮಾಡಬೇಕು ಎಂದು ನೇರವಾಗಿಯೇ ಕೇಳಿದೆ. ಅವರು ನಕ್ಕರು. ಐದು ಪ್ರಮೇಯ, ಎರಡು ರಚನೆ, ಒಂದು ನಕ್ಷೆ, ವರ್ಗಸಮೀಕರಣದ ಸೂತ್ರ, ಇಷ್ಟನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆಯುವ ಹಾಗೆ ಮಾಡಿಕೋ ಎಂದು ಗುರುತು ಹಾಕಿಕೊಟ್ಟರು. ಓದುವುದು ಒಂದು ಸಲ, ಮುಚ್ಚಿಟ್ಟು ಬರೆಯುವುದು ಮೂರು ಸಲ ಎಂದೂ ಹೇಳಿದರು. ಮೊದಲನೆಯ ಮಾತು ಕಿವಿಗೆ ಬಿತ್ತು, ಎರಡನೆಯದು ಬೀಳಲಿಲ್ಲ.

ಓದುವುದೆಲ್ಲಿ ಎಂಬುದು ಮುಂದಿನ ತಾಪತ್ರಯ. ನಮ್ಮದು ಒಂದು ಪಡಸಾಲೆ, ಒಂದು ಅಡುಗೆಮನೆ, ಪಕ್ಕದಲ್ಲಿ ಹುಳಮನೆ. ಪಡಸಾಲೆಯಲ್ಲಿ ಕೂತರೆ ನೀರು ತಾ, ಕರುವಿಗೆ ಹುಲ್ಲು ಹಾಕು, ಯಾರೋ ಬಂದರು ನೋಡು. ಹುಳಮನೆಯೊಂದೇ ಯಾರೂ ಕಾಲಿಡದ ಜಾಗ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆಂದರೆ ನೆಂಟರೂ ಅತ್ತ ಸುಳಿಯುವುದಿಲ್ಲ. ಒಳಗೆ ಹೋಗುವವರು ಕೈಕಾಲು ತೊಳೆದೇ ಹೋಗಬೇಕು, ಒಗ್ಗರಣೆಯ ವಾಸನೆ ಕೂಡ ಅಲ್ಲಿಗೆ ತಾಗಬಾರದು. ಬರಲಿರುವ ಹುಳಕ್ಕೆ ಸೊಪ್ಪು ಹಾಕುವ ಕೆಲಸವನ್ನು ನಾನೇ ಬೇಡಿ ತೆಗೆದುಕೊಂಡೆ. ಅವ್ವನಿಗೆ ಆಶ್ಚರ್ಯವಾಯಿತು. ಅಜ್ಜಿ ಮಾತ್ರ, ಇವಳಿಗೆ ಏನೋ ಹುನ್ನಾರ ಐತೆ ಎಂದು ಕಣ್ಣು ಕಿರಿದು ಮಾಡಿ ನೋಡಿದಳು.

ಅಜ್ಜಿ ಎಂದರೆ ಅಪ್ಪನ ತಾಯಿ, ಹುಳಮನೆಯ ಯಜಮಾನಿ. ಒಂದಕ್ಷರ ಓದಿದವಳಲ್ಲ. ಆದರೆ ಹುಳ ಸಾಕುವ ಬಿದಿರು ತಟ್ಟೆಯ ಮೇಲೆ ಕಣ್ಣಾಡಿಸಿ, ಸಾವಿರ ಹುಳದ ನಡುವೆ ಸೊರಗಿದ ಒಂದನ್ನು ಬೆರಳಿನಿಂದ ಎತ್ತಿ ಆಚೆ ಹಾಕುವಳು. ಊರಿನಲ್ಲಿ ಯಾರ ಮನೆ ಮುಂದೆ ದೊಡ್ಡ ರಂಗೋಲಿ ಬೇಕಾದರೂ ಅವಳನ್ನೇ ಕರೆಯುತ್ತಿದ್ದರು. ಒಂದು ಸಲ ನೋಡಿದ ರಂಗೋಲಿಯನ್ನು ಮರೆತದ್ದಿಲ್ಲ.

ಮೊದಲ ವಾರವೇ ಎಡವಟ್ಟಾಯಿತು. ಹುಳ ತರುವ ಮುನ್ನ ಹುಳಮನೆಯನ್ನು ತೊಳೆದು ಬ್ಲೀಚಿಂಗ್ ಪೌಡರಿನ ನೀರು ಹೊಡೆಯುತ್ತಾರೆ. ಅಪ್ಪ ಹೊಡೆಯುತ್ತಾನೆಂದು ಗೊತ್ತಿದ್ದೂ ನನ್ನ ಗಣಿತದ ಪುಸ್ತಕವನ್ನು ತಟ್ಟೆಯ ಸ್ಟ್ಯಾಂಡಿನ ಮೇಲೆ ಬಿಟ್ಟು ಬಂದಿದ್ದೆ. ಸಂಜೆ ನೋಡಿದರೆ ಪುಸ್ತಕ ಊದಿ, ಹಾಳೆಗೆ ಹಾಳೆ ಅಂಟಿ, ಅಕ್ಷರಗಳೆಲ್ಲ ಬಿಳಿಚಿಕೊಂಡಿದ್ದವು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಅಸಹ್ಯ ಬಂತು. ಪಕ್ಕದೂರಿನ ಗೆಳತಿಯೊಬ್ಬಳು ಭಾನುವಾರಕ್ಕೊಮ್ಮೆ ತನ್ನ ಪುಸ್ತಕ ಕೊಡುತ್ತೇನೆ, ಸೋಮವಾರ ವಾಪಸ್ ಕೊಡಬೇಕು ಎಂದಳು.

ಭಾನುವಾರ ಪುಸ್ತಕ ಬಂದಾಗ ಅದನ್ನು ನೋಟ್ ಪುಸ್ತಕಕ್ಕೆ ಇಳಿಸುವ ಬದಲು ಗೋಡೆಗೆ ಇಳಿಸಿದೆ. ಸೊಪ್ಪು ಹಾಕುವಾಗ ಎರಡೂ ಕೈ ಹಿಡಿದಿರುತ್ತವೆ, ಪುಟ ತಿರುವುವುದು ಆಗದು. ಗೋಡೆಯಾದರೆ ಕಣ್ಣೆತ್ತಿದರೆ ಸಾಕು. ಸುಣ್ಣ ಬಳಿದ ಗೋಡೆ, ಕೈಯಲ್ಲಿ ಇದ್ದಿಲು. ಮೊದಲ ಸ್ಟ್ಯಾಂಡಿನ ಹಿಂದೆ ಥೇಲ್ಸನ ಪ್ರಮೇಯ, ಎರಡನೆಯದರ ಹಿಂದೆ ಪೈಥಾಗೊರಸ್, ಕಿಟಕಿಯ ಕೆಳಗೆ ವರ್ಗಸಮೀಕರಣ, ಮೂಲೆಯಲ್ಲಿ ವೃತ್ತದ ಸ್ಪರ್ಶಕಗಳು. ಮೂರು ಭಾನುವಾರದಲ್ಲಿ ಗೋಡೆ ತುಂಬಿತು. ಅಪ್ಪ ನೋಡಿ, ಸುಣ್ಣ ಬಳಿಯೋ ಖರ್ಚು ನಿನ್ನ ಗಂಡ ಕೊಡ್ತಾನಾ ಎಂದು ಗೊಣಗಿ ಆಚೆ ಹೋದ.

ನಸುಕಿಗೆ ಒಂದು ಸಲ, ಶಾಲೆಯಿಂದ ಬಂದ ಮೇಲೆ ಒಂದು ಸಲ ಸೊಪ್ಪು ಹಾಕುತ್ತ ಗೋಡೆ ಓದುತ್ತ ತಟ್ಟೆಯಿಂದ ತಟ್ಟೆಗೆ ಹೋಗುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಎಲ್ಲ ಬಂದುಬಿಟ್ಟಿತು ಎಂಬ ಧೈರ್ಯವೂ ಬಂತು. ಈಗ ನಮ್ಮ ಶಾಲೆಯ ಮಕ್ಕಳು ಪುಟಗಳಿಗೆ ಹಳದಿ ಗೆರೆ ಎಳೆದು, ಎಲ್ಲ ಗೊತ್ತು ಮಿಸ್ ಎನ್ನುವಾಗ ನನಗೆ ನನ್ನ ಆ ಧೈರ್ಯವೇ ಕಾಣುತ್ತದೆ.

ಅಪ್ಪನ ಲೆಕ್ಕದ ಪ್ರಕಾರ ಪರೀಕ್ಷೆಗೆ ಮುಂಚೆ ಹುಳ ಹಣ್ಣಾಗಿ ಗೂಡು ಕಟ್ಟಿ ಮುಗಿದಿರಬೇಕಿತ್ತು. ಮರಿಹುಳ ಒಂದು ವಾರ ತಡವಾಗಿ ಬಂದದ್ದರಿಂದ ಪರೀಕ್ಷೆ ಬಂದಾಗ ಹುಳ ಕೊನೆಯ ಜ್ವರದಿಂದ ಎದ್ದು ರಾಕ್ಷಸರ ಹಾಗೆ ತಿನ್ನುತ್ತಿದ್ದವು. ಜ್ವರ ಎಂದರೆ ಹುಳ ಪೊರೆ ಬಿಡುವ ಕಾಲ, ಅದು ಮುಗಿದ ಮೇಲಿನ ಒಂದು ವಾರವೇ ಬೆಳೆಯ ಜೀವ. ಆ ವಾರ ಹುಳಮನೆಯಿಂದ ಒಂದು ವಸ್ತು ಆಚೆ ಬರಬಾರದು, ಆಚೆಯ ವಸ್ತು ಒಳಗೆ ಹೋಗಬಾರದು, ಅದು ಅಜ್ಜಿಯ ಕಟ್ಟಪ್ಪಣೆ. ಭಾಷೆಗಳ ಪರೀಕ್ಷೆಗಳು ಮುಗಿದವು. ಗಣಿತ ಸೋಮವಾರ ಇತ್ತು. ಶನಿವಾರ ಬೆಳಿಗ್ಗೆ ನಾನು ಮುಟ್ಟಾದೆ.

ಮುಟ್ಟಾದವರು ಹುಳಮನೆಗೆ ಕಾಲಿಡುವ ಹಾಗಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡ ಮೇಲೆಯೇ. ಅಂದರೆ ಮಂಗಳವಾರ. ಗಣಿತವೆಲ್ಲ ಒಳಗೆ, ನಾನು ಆಚೆಗೆ. ಒಂದು ನೋಟ್ ಪುಸ್ತಕಕ್ಕೆ ಇಳಿಸಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ. ತಿಂಗಳು ತಿಂಗಳೂ ಬರುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಗೋಡೆಯ ಮೇಲೆ ಬರೆದ ನನ್ನ ದಡ್ಡತನಕ್ಕೆ ಏನನ್ನಬೇಕು? ಪುಸ್ತಕ ಕೊಡುತ್ತಿದ್ದ ಗೆಳತಿ ಪರೀಕ್ಷೆ ಮುಗಿಯುವ ತನಕ ಚನ್ನಪಟ್ಟಣದ ಅತ್ತೆಯ ಮನೆಯಲ್ಲಿದ್ದಳು.

ಯಾರಿಗೂ ಹೇಳದೆ ಒಳಗೆ ಹೋಗುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಎರಡು ಸಲ ಬಂತು. ಆದರೆ ಹಿಂದಿನ ವರ್ಷ ಹುಳಕ್ಕೆ ಹಾಲುತೊಂಡೆ ರೋಗ ಬಂದು ಒಂದು ಬೆಳೆ ಪೂರ್ತಿ ತಿಪ್ಪೆಗೆ ಹೋಗಿತ್ತು. ಆಗ ಅಜ್ಜಿ, ಅವ್ವ ಮುಟ್ಟಿನ ದಿನ ತಪ್ಪಿ ಎಣಿಸಿ ಒಳಗೆ ಹೋಗಿದ್ದೇ ಕಾರಣ ಎಂದು ಊರ ಮುಂದೆ ಆಡಿದ್ದಳು. ಅವ್ವ ಒಂದು ವರ್ಷ ಆ ಮಾತನ್ನು ಹೊತ್ತುಕೊಂಡೇ ಸೊಪ್ಪು ಕೊಯ್ದಿದ್ದಳು. ಅದನ್ನು ನೋಡಿದವಳಿಗೆ ಹೊಸಿಲು ದಾಟುವ ಧೈರ್ಯ ಬರಲಿಲ್ಲ. ಅವ್ವನಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ, ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಚಾಪೆ ಹಾಕಿಕೊಟ್ಟು ತೋಟಕ್ಕೆ ಹೋದಳು.

ಮಧ್ಯಾಹ್ನದವರೆಗೆ ಅಲ್ಲಿ ಕೂತು ಎಲ್ಲರನ್ನೂ ಬೈದುಕೊಂಡೆ. ಅಜ್ಜಿಯನ್ನು, ಹುಳವನ್ನು, ಹೆಣ್ಣಾಗಿ ಹುಟ್ಟಿಸಿದ ದೇವರನ್ನು. ಅವ್ವ ತಂದಿಟ್ಟ ಮುದ್ದೆ ಮುಟ್ಟಲಿಲ್ಲ. ಆಮೇಲೆ ಹಸಿವಿಗೋ ಸಿಟ್ಟಿಗೋ ತಲೆ ಚುರುಕಾಗಿ, ಗೋಡೆ ನನ್ನ ಕಣ್ಣಲ್ಲೇ ಇರಬೇಕಲ್ಲ ಎಂದು ಹೊಳೆಯಿತು. ಒಲೆಯಿಂದ ಆರಿದ ಇದ್ದಿಲು ತರಿಸಿಕೊಂಡೆ. ಚಾವಡಿಯ ಸಿಮೆಂಟು ನೆಲದ ಮೇಲೆ, ಕೈಯಲ್ಲಿ ಸೊಪ್ಪು ಹಿಡಿದು ಮೊದಲ ತಟ್ಟೆಯ ಮುಂದೆ ನಿಂತಿದ್ದೇನೆ ಎಂದುಕೊಂಡು ಬರೆಯಲು ಶುರು ಮಾಡಿದೆ.

ಥೇಲ್ಸ್ ಬಂತು. ಪೈಥಾಗೊರಸ್ ಅರ್ಧಕ್ಕೆ ನಿಂತು, ತಡಕಾಡಿ, ಪೂರ್ತಿಯಾಯಿತು. ಸೂತ್ರದಲ್ಲಿ ಒಂದು ಚಿಹ್ನೆ ಎಡವಿ, ಲೆಕ್ಕ ಮಾಡಿ ನೋಡಿ ನಾನೇ ತಿದ್ದಿಕೊಂಡೆ. ಮೂಲೆಯ ವೃತ್ತಕ್ಕೆ ಬಂದಾಗ ಮಾತ್ರ ಕೈ ನಿಂತಿತು. ಒಂದು ವೃತ್ತ, ಆಚೆ ಒಂದು ಬಿಂದು, ಆ ಬಿಂದುವಿನಿಂದ ವೃತ್ತವನ್ನು ಮುಟ್ಟುವ ಎರಡು ಗೆರೆ, ಆ ಎರಡೂ ಸಮ ಎಂದು ಸಾಧಿಸಬೇಕು. ಇಷ್ಟು ಗೊತ್ತು. ಯಾವುದನ್ನು ಯಾವುದಕ್ಕೆ ಸೇರಿಸಬೇಕು ಎಂಬುದು ಸುತರಾಂ ಬರಲಿಲ್ಲ. ವಾರಗಟ್ಟಲೆ ದಿನಕ್ಕೆ ಎರಡು ಸಲ ನೋಡಿದ ಚಿತ್ರ ಅದು. ನೋಡಿದ್ದೆ, ಅಷ್ಟೇ. ಮುಚ್ಚಿಟ್ಟು ಬರೆ ಎಂದು ಮೇಷ್ಟ್ರು ಹೇಳಿದ್ದ ಎರಡನೆಯ ಮಾತು ಆಗ ತಲೆಗೆ ಹೋಯಿತು.

ಸಾಯಂಕಾಲ ಅಜ್ಜಿ ಸೊಪ್ಪು ಹಾಕಲು ಒಳಗೆ ಹೋದಾಗ ನಾನು ಹುಳಮನೆಯ ಬಾಗಿಲಿಗೆ ನಾಲ್ಕು ಮಾರು ದೂರ ಹೋಗಿ ನಿಂತೆ. ಮೂಲೆಯಲ್ಲಿರುವ ಚಿತ್ರ ಹೇಗಿದೆ ನೋಡಿ ಹೇಳು ಎಂದೆ. ಹುಳ ನೋಡೋದೋ ನಿನ್ನ ಗೋಡೆ ನೋಡೋದೋ ಎಂದು ಅಜ್ಜಿ ಸಿಡುಕಿದಳು. ನಾನೂ ಬಿಡಲಿಲ್ಲ. ನೀನು ಒಳಗೆ ಬಿಡುವುದಿಲ್ಲ, ನೋಡಿಯೂ ಹೇಳುವುದಿಲ್ಲ, ಹಾಗಾದರೆ ನಾಳೆಯೇ ವ್ಯಾನಿಗೆ ಹತ್ತಿಸಿಬಿಡು ಎಂದು ಕೂಗಿದೆ. ಒಳಗೆ ಸೊಪ್ಪಿನ ಸದ್ದು ನಿಂತಿತು.

ಮೂಲೆಯ ಕಡೆಯಿಂದ ಅಜ್ಜಿಯ ದನಿ ಬಂತು. ರೊಟ್ಟಿಯಂಥದ್ದು ಒಂದು ಇದೆ, ಅದಕ್ಕೆ ಎರಡು ಕಡ್ಡಿ ಒರಗಿಸಿದ ಹಾಗಿದೆ, ನಡುವೆ ಒಂದು ಚುಕ್ಕಿ, ಚುಕ್ಕಿಯಿಂದ ಗೆರೆಗಳು ಹೋಗಿವೆ. ಎಲ್ಲಿಗೆ ಹೋಗಿವೆ ಅಜ್ಜಿ, ಸರಿಯಾಗಿ ನೋಡು ಎಂದೆ. ಬಾಯಲ್ಲಿ ಹೇಳುವುದು ಅವಳಿಗೆ ಆಗಲಿಲ್ಲ. ಹುಳಕ್ಕೆ ಉದುರಿಸಲು ಇಟ್ಟಿದ್ದ ಸುಣ್ಣದ ಪುಡಿಯ ಡಬ್ಬ ತಂದು, ಹೊಸಿಲಿನ ಒಳಗಡೆ ಕುಕ್ಕರುಗಾಲಿನಲ್ಲಿ ಕೂತು, ಸಗಣಿ ಸಾರಿಸಿದ ನೆಲದ ಮೇಲೆ ರಂಗೋಲಿ ಬಿಡುವ ಹಾಗೆ ಎಳೆಯತೊಡಗಿದಳು. ಒಂದೇ ಸುತ್ತಿಗೆ ದುಂಡನೆಯ ವೃತ್ತ. ಎರಡು ಸ್ಪರ್ಶಕ. ನಡುವಿನ ಚುಕ್ಕಿಯಿಂದ ಗೆರೆ ಮುಟ್ಟುವ ಎರಡು ಜಾಗಕ್ಕೆ ಎರಡು ಗೆರೆ. ಎದ್ದು ಹೋಗಿ ಗೋಡೆ ನೋಡಿ ಬಂದು, ಅದೇ ಚುಕ್ಕಿಯಿಂದ ಆಚೆಯ ಬಿಂದುವಿಗೆ ಇನ್ನೊಂದು. ಇದು ಮಾತ್ರ ತುಂಡು ತುಂಡು ಗೆರೆ, ಅದನ್ನೂ ಬಿಡದೆ ಬೆರಳಲ್ಲಿ ಚಿಟಿಕೆ ಚಿಟಿಕೆಯಾಗಿ ಇಟ್ಟಳು. ಪಕ್ಕದಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನೂ ಬಿಡಲಿಲ್ಲ. ಒಂದು ಸೊನ್ನೆ, ಒಂದು ಗುಡಿಸಲು ಎಂದು ಹೇಳಿಕೊಳ್ಳುತ್ತ ಬರೆದಳು.

ನೋಡಿದ ಕೂಡಲೇ ಎರಡು ತ್ರಿಭುಜ ಕಂಡವು. ಒಂದರ ಮೇಲೊಂದು ಮಡಿಸಿದರೆ ಸರಿಯಾಗಿ ಕೂರುವ ಎರಡು ತ್ರಿಭುಜ. ಮಿಕ್ಕದ್ದೆಲ್ಲ ನೀರು ಹರಿದ ಹಾಗೆ ಬಂತು. ನಾನು ಕುಣಿದಾಡಿದ್ದು ನೋಡಿ ಅಜ್ಜಿ, ಇದರಲ್ಲಿ ಅಂಥದ್ದೇನು ಬರೆದಿದೆ ಹೇಳು ಎಂದಳು. ಹೇಳಿದೆ. ಆಚೆಯಿಂದ ಚಕ್ರಕ್ಕೆ ತಾಗುವ ಹಾಗೆ ಎರಡು ದಾರ ಎಳೆದರೆ ಎರಡೂ ಒಂದೇ ಉದ್ದ ಇರುತ್ತವೆ, ಯಾಕೆ ಎಂದರೆ ಹೀಗೆ ಎಂದು. ವಯಸ್ಸಿನಲ್ಲಿ ರಾಟೆಯ ಮುಂದೆ ಕೂತು ನೂಲು ತೆಗೆದವಳು ಅವಳು. "ಇದನ್ನ ಓದಿ ತಿಳ್ಕಬೇಕಾ? ನೋಡಿದ್ರೆ ಗೊತ್ತಾಗಲ್ವಾ?" ಎಂದಳು. ನೋಡಿದರೆ ಸಾಲದು ಅಜ್ಜಿ, ಯಾಕೆ ಎಂದು ಬರೆದರೇ ಮಾರ್ಕು ಎಂದೆ. ಹಾಗಾದರೆ ಯಾಕೆ ಎಂಬುದನ್ನು ಇನ್ನೊಂದು ಸಲ ಹೇಳು, ನನಗೆ ತಿಳಿಯಲಿಲ್ಲ ಎಂದಳು. ಇನ್ನೊಂದು ಸಲ ಹೇಳಿದೆ.

ಭಾನುವಾರ ಪೂರ್ತಿ ಇದೇ ಆಯಿತು. ನಾನು ಚಾವಡಿಯಲ್ಲಿ ಬರೆಯುವುದು, ಅಜ್ಜಿ ಸೊಪ್ಪು ಹಾಕಲು ಹೋದಾಗ ಹೊಸಿಲ ಒಳಗೆ ಬಿಡಿಸುವುದು, ಎರಡನ್ನೂ ತಾಳೆ ನೋಡುವುದು. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುವುದನ್ನು ಅಜ್ಜಿ ಬಿಡಲಿಲ್ಲ. ಕೆಲವಕ್ಕೆ ನನಗೂ ಯಾಕೆ ಎಂದು ಗೊತ್ತಿರಲಿಲ್ಲ, ಹೇಳಲು ಹೋಗಿಯೇ ಗೊತ್ತಾಯಿತು. ಸಂಜೆಗೆ ನನ್ನ ಬೆರಳುಗಳೆಲ್ಲ ಕಪ್ಪು, ಅವಳವು ಬಿಳಿ.

ಸೋಮವಾರ ಚನ್ನಪಟ್ಟಣದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ನೂಕುನುಗ್ಗಲು, ಪರೀಕ್ಷೆಯ ಕೋಣೆಯಲ್ಲಿ ಪಕ್ಕಪಕ್ಕದ ಬೆಂಚು. ಆಚೆ ಕೂರು ಎಂದು ಅಲ್ಲಿ ಯಾರೂ ಹೇಳಲಿಲ್ಲ, ಅದು ನೆನಪಾಗಿ ನನಗೆ ಒಳಗೊಳಗೇ ಕಿಚ್ಚು ಬಂತು. ಪ್ರಶ್ನೆಪತ್ರಿಕೆ ಕಷ್ಟವಿತ್ತು. ಗುರುತು ಹಾಕಿಕೊಟ್ಟವುಗಳಲ್ಲಿ ಎಷ್ಟೋ ಬಂದಿರಲಿಲ್ಲ. ನಾಲ್ಕು ಅಂಕದ ಪ್ರಮೇಯದ ಜಾಗದಲ್ಲಿ ಆಚೆಯ ಬಿಂದು, ಎರಡು ಸ್ಪರ್ಶಕ ಇದ್ದವು. ಮೊದಲು ಅದನ್ನೇ ಬರೆದೆ. ಆಮೇಲೆ ಬರುವುದನ್ನೆಲ್ಲ ಬರೆದು, ಬಾರದುದಕ್ಕೂ ಕೈಹಚ್ಚಿ, ಕೊನೆಯ ಗಂಟೆ ಹೊಡೆಯುವ ತನಕ ಏಳಲಿಲ್ಲ.

ಹುಳ ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಿದವು, ಗೂಡು ಚೆನ್ನಾಗಿಯೇ ಬಂತು. ಅಪ್ಪ ಅದನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬಂದ. ನನ್ನ ಫಲಿತಾಂಶ ಮೇ ತಿಂಗಳಲ್ಲಿ ಬಂತು. ಚನ್ನಪಟ್ಟಣದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಅಪ್ಪನ ಜೊತೆ ಸಾಲಿನಲ್ಲಿ ನಿಂತೆ. ಅಂಗಡಿಯವನು ಸಂಖ್ಯೆ ಒತ್ತಿ, ಹಾಳೆ ತೆಗೆದು ಕೈಗೆ ಕೊಟ್ಟ. ಗಣಿತ, ಮೂವತ್ತೇಳು. ಅಪ್ಪ ಹಾಳೆಯನ್ನು ಎರಡು ಸಲ ಓದಿಸಿಕೊಂಡು, ಮಡಿಸಿ ಜೇಬಿಗಿಟ್ಟು ಬಸ್ ಸ್ಟ್ಯಾಂಡಿಗೆ ನಡೆದ. ಅಲ್ಲಿ ಕಬ್ಬಿನ ಹಾಲು ಕುಡಿಸಿ, ಯಾವ ಕಾಲೇಜು ಎಂದು ಕೇಳಿದ.

ಮನೆಗೆ ಬಂದಾಗ ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಎಲ್ಲರೂ ನೂರೆಂಟು ಕೇಳಿದರೆ ಅವಳು ಕೇಳಿದ್ದು ಒಂದೇ. ನಾನು ಬರೆದುಕೊಟ್ಟ ಆ ರೊಟ್ಟಿಯ ಚಿತ್ರ ಬಂದಿತ್ತಾ? ಬಂದಿತ್ತು ಎಂದೆ. ಅದಕ್ಕೆ ಎಷ್ಟು ಮಾರ್ಕು? ನಾಲ್ಕು.

"ಅದು ಇಲ್ದೆ ಇದ್ದಿದ್ರೆ?"

ಮೂವತ್ತೇಳರಲ್ಲಿ ನಾಲ್ಕು ಕಳೆದು, ಮೂವತ್ತಮೂರು ಎಂದೆ. ಫೇಲು ಅಜ್ಜಿ ಎಂದೆ. ಅವಳು ಬೀಗಬಹುದೆಂದು ನಾನು ಅಂದುಕೊಂಡಿದ್ದೆ, ನಗಲು ಸಿದ್ಧಳಾಗಿದ್ದೆ. ಅಜ್ಜಿ ನಗಲಿಲ್ಲ. ಬೆರಳು ಮಡಿಸಿ ಏನೋ ಎಣಿಸಿದಳು.

"ಎರಡು ಮಾರ್ಕಲ್ಲಿ ಉಳ್ಕಂಡಿದೀಯ ಕಣ್ ಮಗ. ನಾನು ಆಚೆ ಕೂರಿಸ್ದೆ ಇದ್ದಿದ್ರೆ ಇನ್ನೂ ಜಾಸ್ತಿ ಬತ್ತಿತ್ತೇನೋ."

ಚಾವಡಿಯಲ್ಲಿ ಕೂರಿಸದೆ ಹೋಗಿದ್ದರೆ ನಾನು ಸೋಮವಾರದ ತನಕ ಗೋಡೆಯನ್ನು ನೋಡುತ್ತಲೇ ಇರುತ್ತಿದ್ದೆ, ಮುಚ್ಚಿಟ್ಟು ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಆ ಕಟ್ಟಳೆಗೆ ಒಳ್ಳೆಯ ಹೆಸರು ಕೊಡಲು ನಾಲಿಗೆ ಏಳಲಿಲ್ಲ, ಇವತ್ತಿಗೂ ಏಳುವುದಿಲ್ಲ. ಗೊತ್ತಿಲ್ಲ ಅಜ್ಜಿ ಎಂದು ಒಳಗೆ ಹೋದೆ.

ಕಾಲೇಜು ಶುರುವಾಗಿ, ಮಳೆ ಬಿದ್ದು, ಮುಂದಿನ ಬೆಳೆಗೆ ಹುಳ ಬಂತು. ಪಿಯುಸಿಯ ಇತಿಹಾಸದ ಇಸವಿಗಳನ್ನು ನಾನು ಹಳೆಯ ಗೋಡೆಗೇ ಬರೆದಿದ್ದೆ, ಈ ಸಲ ನೋಟ್ ಪುಸ್ತಕದಲ್ಲೂ ಬರೆದುಕೊಂಡಿದ್ದೆ. ಹುಳ ಕೊನೆಯ ಜ್ವರದಿಂದ ಎದ್ದ ಎರಡನೆಯ ದಿನ ನಾನು ಮುಟ್ಟಾದೆ. ನೋಟ್ ಪುಸ್ತಕ ಎತ್ತಿಕೊಂಡು, ಅಜ್ಜಿಗೆ ಹೇಳಿ, ಚಾವಡಿಯ ಕಡೆ ಹೊರಟೆ. ತೋಟದಿಂದ ಬಂದ ಅವ್ವ ಆಗಷ್ಟೇ ಅಂಗಳಕ್ಕೆ ಕಾಲಿಡುತ್ತಿದ್ದಳು. ಅಜ್ಜಿ ಹುಳಮನೆಯ ಬಾಗಿಲಲ್ಲೇ ನಿಂತು ನನ್ನನ್ನು ಕರೆದಳು.

"ಕೈಕಾಲು ತೊಳ್ಕಂಡು ಒಳಕ್ಕೆ ಬಾ. ನಿನ್ ಗೋಡೆ ನೀನೇ ನೋಡ್ಕೊ, ನಂಗೆ ಕಣ್ಣು ಮಂಜಾಗ್ತಾ ಐತೆ."

ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಅವತ್ತು ಬೆಳಿಗ್ಗೆ ಕೂಡ ತಟ್ಟೆಯಿಂದ ಸೊರಗಿದ ಹುಳ ಆರಿಸಿದ್ದನ್ನು ನಾನೇ ನೋಡಿದ್ದೆ. ನಾನು ಅವ್ವನ ಕಡೆ ತಿರುಗಿದೆ. ನಿನ್ನಿಂದಲೇ ಬೆಳೆ ಹೋಯಿತು ಎಂಬ ಮಾತನ್ನು ಒಂದು ವರ್ಷ ಹೊತ್ತಿದ್ದ ಅವ್ವ, ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ಇಳಿಸುವುದನ್ನೂ ಮರೆತು, ಅಂಗಳದ ನಡುವೆ ನಿಂತು ಅಜ್ಜಿಯನ್ನೇ ನೋಡುತ್ತಿದ್ದಳು.